ಸಮಸ್ಯೆ: ಬಿದ್ದುದೆ ನಿಂತಿಹುದು ನೋಡು ಬಿದ್ದಿಹ ನುಡಿಯೊಳ್

ಮೇಲಿನದು ಕಂದದ ಕೊನೆಯ ಪಾದ. ಉಳಿದ ಮೂರು ಪಾದ ಕಟ್ಟಿ ಪೂರಣ ಮಾಡಬೇಕು. ವಸ್ತು: ಹಳೆಯ ಇಂಗ್ಲಿಷಿನ ‘ಹ್ರುರೆ’, ಎಂದರೆ ಪತನ, ಪಾಳು, ಸಾವು. (‘ಹ್ರು’ ಅನ್ನುವಾಗ ತುಟಿ ದುಂಡಗಿಟ್ಟು ‘ಇ’ ಉಚ್ಚರಿಸಬೇಕು.) ಪ್ರಾಸ ‘ದ್ದ’. ಆರನೆಯ ಗಣ ಜಗಣ (ಲಘು-ಗುರು-ಲಘು) ಇಲ್ಲವೆ ನಾಲ್ಕು ಲಘು. ಬೆಸ ಸ್ಥಾನಗಳಲ್ಲಿ ಜಗಣ ಬೇಡ.

ಪೂರಣ 1

ಇದ್ದುದು ಹ್ರುರೆಯೆಂಬೊಂದೇ
ಸದ್ದಿನ ಬೇರದಕೆ ಹುಟ್ಟಿ ಬೆಳೆದಿಹ ಚೆಲುವಿಂ
ಮುದ್ದಿನ ಮಗಳೇ ರೂಯಿನ್
ಬಿದ್ದುದೆ ನಿಂತಿಹುದು ನೋಡು ಬಿದ್ದಿಹ ನುಡಿಯೊಳ್

— ಮೊದಲ ಪಾದ ಎಡವಿದೆ. ‘ಹ್ರು’ ಒತ್ತಕ್ಷರವಾದ್ದರಿಂದ ಹಿಂದಿನ ‘ದು’ ಗುರುವಾಗಿ 12ರ ಬದಲು 13 ಮಾತ್ರೆ. ಶಿಥಿಲದ್ವಿತ್ವದ (ಒತ್ತಕ್ಷರದ ಹಿಂದಿನ ಅಕ್ಷರವನ್ನು ಲಘುವಾಗಿಯೇ ಎಣಿಸುವ) ರಿಯಾಯಿತಿ ಇಲ್ಲಿ ನಡೆಯದು. ‘ಇದ್ದುದು’ ತೆಗೆದು ‘ಇದ್ದ’ ಅಂದರೆ ಲೆಕ್ಕ ಕೂಡುತ್ತದೆ. ವಂಶಾವಳಿಯ ತಪ್ಪು ಮಾತ್ರ ಹಾಗೆ ತಿದ್ದುವಂಥದಲ್ಲ: ರೂಯಿನ್ ಹ್ರುರೆಯ ಮಗಳೇ ಅಲ್ಲ. ಲ್ಯಾಟಿನ್ನಿನ ‘ರುಎರೆ’ (ಕುಸಿ) ಇಂದ ‘ರುಈನಾ’. ಅದು ಫ್ರೆಂಚಿನ ಮೂಲಕ 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಹ್ರುರೆ ಜರ್ಮಾನಿಕ್ ಕುಲದ್ದು, ‘ಹ್ರೆಯೊಸನ್’ (ಬೀಳು) ಅದರ ಕ್ರಿಯಾಪದ. ಸದ್ದಿನ ಹೋಲಿಕೆ ಕಾಕತಾಳೀಯ.

— ಹ್ರೆಯೊಸನ್‌ನ ಸಕಾರ ರೇಫವಾದದ್ದು ಹೇಗೆ?

— ವರ್ನರ್ ನಿಯಮ, ಜರ್ಮಾನಿಕ್ ನುಡಿಗಳ ಧ್ವನಿಬದಲಾವಣೆಯ ಸೂತ್ರ. ಮೂಲದಲ್ಲಿ ಸ್ವರಭಾರ ಸಕಾರದ ಹಿಂದಿನ ಅಕ್ಷರದ ಮೇಲೆ ಇಲ್ಲದಿದ್ದರೆ ‘ಸ’ ಘೋಷವಾಗಿ ಕೊನೆಗೆ ‘ರ’ ಆಗುತ್ತದೆ. ಇಂದಿನ ‘ಲೂಜ್’ (lose, ಕಳೆದುಕೊ), ‘ಫರ್ಲಾರ್ನ್’ (forlorn, ಪರಿತ್ಯಕ್ತ) ಅದೇ ಜೋಡಿ.

ಪೂರಣ 2

ಎದ್ದಿರ್ದ ಗೋಪುರಂಗಳ್
ಬಿದ್ದುವು ಬೆಂದುದು ಕವಿತೆಯ ಹಾಳೆಯುಮೆಂತೋ
ಸದ್ದುಳಿದ ಹ್ರುರೆಯೆಂಬೀ
ಬಿದ್ದುದೆ ನಿಂತಿಹುದು ನೋಡು ಬಿದ್ದಿಹ ನುಡಿಯೊಳ್

— ಭೇಷ್! ‘ಬೆಂದ ಹಾಳೆ’ ಬರಿಯ ಅಲಂಕಾರವಲ್ಲ. ಹಳೆಯ ಇಂಗ್ಲಿಷ್ ಕವಿತೆಗಳ ಸಂಗ್ರಹವಾದ, 10ನೆಯ ಶತಮಾನದ ಉತ್ತರಾರ್ಧದ ಎಕ್ಸೆಟರ್ ಹಸ್ತಪ್ರತಿಯ ಕೊನೆಯ ಹಾಳೆಗಳನ್ನು ಬೆಂಕಿ ತಿಂದು, ಅದರಲ್ಲಿ ಪಾಳುಪಟ್ಟಣದ ಮೇಲಿರುವ ಕವಿತೆಯೇ ಅಲ್ಲಲ್ಲಿ ತೂತಾಗಿದೆ. ಪಟ್ಟಣ ಇಂಗ್ಲೆಂಡಿನಲ್ಲಿ ರೋಮನ್ನರು ಕಟ್ಟಿದ ಬಾತ್ ಊರು ಇರಬೇಕೆಂದು ಬಹುಮತ. (ಅದಕ್ಕೆ ‘ದಿ ರೂಯಿನ್’ ಎಂದು ಲ್ಯಾಟಿನ್ ಮೂಲದ ಹೆಸರಿಟ್ಟವರು ಆಧುನಿಕ ಸಂಪಾದಕರು!) 3ನೆಯ ಸಾಲು ‘ಹ್ರೋವಸ್ ಸಿಂದ್ ಯೆಹ್ರೊರೆನೆ, ಹ್ರೆಯೊರ್ಯೆ ತೊರ್ರಸ್’: ಚಾವಣಿಗಳು ಬಿದ್ದಿವೆ, ಗೋಪುರಗಳು ಪಾಳು. ನಮ್ಮ ಪ್ರಾಸ ಎರಡನೆಯ ಅಕ್ಷರದಲ್ಲಿ. ಹಳೆಯ ಇಂಗ್ಲಿಷ್ ಕವಿಗಳದು ಸ್ವರಭಾರ ಬಿದ್ದ ಅಕ್ಷರದ ಆದಿಯಲ್ಲಿ. ‘ಯೆ’ ಉಪಸರ್ಗ ಲೆಕ್ಕಕ್ಕಿಲ್ಲ, ಆದ್ದರಿಂದ ಮೂರು ಕಡೆಯೂ ‘ಹ್ರ’ವೇ ಮೊಳಗುತ್ತದೆ. ‘ಸದ್ದುಳಿದ’ ಅಂದದ್ದು ಅದಕ್ಕೇ ಹಿಡಿಸಿತು.

— ‘ಈ’ಗೂ ‘ನುಡಿಯೊಳ್’ಗೂ ದೂರಾನ್ವಯ (ಕೂಡಬೇಕಾದ ಪದಗಳು ದೂರ ಬಿದ್ದಿವೆ), ಸಹ್ಯ. ‘ಎಂತೋ’ ಮಾತ್ರ ಗಣ ತುಂಬಲು ಬಂದ ಬಾಡಿಗೆ ಬಂಟ.

— ‘ಹಾಳೆಯುಮಯ್ಯೋ’ ಅನ್ನಲೆ?

— ಮಾತ್ರೆ ಸರಿ. ಬಂಟ ಅವನೇ.