ಬಾಟಲಿಯ ಸೀತಾಳೆ ಸಸಿಗಳನ್ನು ಈಗಲೇ ತೆಗೆಯಬೇಡ

ರಮ್ಯಾ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಪ್ರಯೋಗಾಲಯದಿಂದ ಬಂದ ಈ 25 ಹರಾಯೆಲ್ಲಾ ಎಂಬ ಪುಟ್ಟ ಸೀತಾಳೆ (ಆರ್ಕಿಡ್) ಸಸಿಗಳನ್ನು ಇಂದೇ ಬಾಟಲಿಯಿಂದ ತೆಗೆದು ಬಾಲ್ಕನಿಯಲ್ಲಿ ಇಡಬಹುದೇ ಎಂದು ಕೇಳಿದ್ದೀಯೆ. ಬೇಡಮ್ಮ. ಎಲೆಗಳು ಹಸಿರಾಗಿವೆ, ಸಸಿಗಳು ಬೇರೂರಿರುವ ಜೆಲ್ಲಿನಲ್ಲಿ ಬೂಷ್ಟು ಕಾಣುತ್ತಿಲ್ಲ. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಿಟಕಿಯ ಬಳಿ ಬಾಟಲಿ ಹಾಗೆಯೇ ಇರಲಿ. ಮಳೆ ಹಿಡಿದ ಮೇಲೆ ತೆಗೆಯೋಣ.

ಕಾರಣ ಹೇಳುತ್ತೇನೆ. ಈ ಸಸಿಗಳು ಹುಟ್ಟಿದಾಗಿನಿಂದ ಒಣಗಾಳಿಯನ್ನು ಕಂಡೇ ಇಲ್ಲ. ಬಾಟಲಿಯೊಳಗಿನ ತೇವಾಂಶ ಹೆಚ್ಚುಕಡಿಮೆ ಶೇ 100ರಷ್ಟಿರುವುದರಿಂದ ಅವುಗಳ ಎಲೆಯ ಮೇಲೆ ನೀರನ್ನು ಹಿಡಿದಿಡುವ ಮೇಣದ ಪದರ ತೀರಾ ತೆಳುವಾಗಿರುತ್ತದೆ, ಪತ್ರರಂಧ್ರಗಳಿಗೆ ಸರಿಯಾಗಿ ಮುಚ್ಚಿಕೊಳ್ಳುವುದೂ ತಿಳಿದಿರುವುದಿಲ್ಲ. ಬೆಂಗಳೂರಿನ ಮಾರ್ಚ್ ತಿಂಗಳ ಮಧ್ಯಾಹ್ನದ ಗಾಳಿಗೆ ಒಡ್ಡಿದರೆ, ಬೇರಿಗೆ ಎಷ್ಟೇ ನೀರು ಹಾಕಿದರೂ ಎಲೆ ಒಣಗುತ್ತದೆ. ನನ್ನ ಮೊದಲ ಬಾಟಲಿಯ ಸಸಿಗಳನ್ನು ನಾನು ಏಪ್ರಿಲ್‌ನಲ್ಲಿ ತೆಗೆದು, ಹತ್ತೇ ದಿನಗಳಲ್ಲಿ ಅಷ್ಟನ್ನೂ ಕಳೆದುಕೊಂಡೆ. ಆ ನೋವು ಇನ್ನೂ ಮನಸ್ಸಿನಲ್ಲಿದೆ.

ತೆಗೆಯುವ ದಿನ ಉಗುರುಬೆಚ್ಚಗಿನ ನೀರಿನಲ್ಲಿ ಸಸಿಗಳನ್ನು ತೇಲಿಬಿಟ್ಟು, ಬೇರಿಗೆ ಅಂಟಿದ ಜೆಲ್ಲನ್ನು ಬೆರಳ ತುದಿಯಿಂದ, ಬೇರು ಮುರಿಯದಂತೆ, ಪೂರ್ತಿ ಬಿಡಿಸಬೇಕು. ಆ ಜೆಲ್ಲಿನಲ್ಲಿ ಸಕ್ಕರೆ ಇದೆ. ಒಂದು ಚೂರು ಉಳಿದರೂ ಹೊರಗಿನ ಬೂಷ್ಟಿಗೆ ಅದೇ ಊಟ. ಸಕ್ಕರೆ ಏಕೆ ಎಂದು ನಿನ್ನ ಚಿಕ್ಕಪ್ಪ ಕೇಳಿದ್ದರಲ್ಲ, ಅದಕ್ಕೂ ಉತ್ತರ ಇಲ್ಲಿಯೇ ಇದೆ. ಆರ್ಕಿಡ್‌ನ ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು, ಆದರೆ ಧೂಳಿನಂತಹ ಆ ಬೀಜದೊಳಗೆ ಮೊಳಕೆಗೆ ಬೇಕಾದ ಆಹಾರದ ಗಂಟೇ ಇರುವುದಿಲ್ಲ. ಕಾಡಿನಲ್ಲಿ ಒಂದು ಬಗೆಯ ಶಿಲೀಂಧ್ರ ಅದಕ್ಕೆ ಉಣಿಸುತ್ತದೆ. ಆ ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಜೆಲ್ಲಿನ ಮೇಲೆ ಬೀಜ ಮೊಳೆಯುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿಕೊಟ್ಟರು. ಮರದಿಂದ ಸೀತಾಳೆಯನ್ನು ಕಿತ್ತು ತರದೆಯೇ ಮನೆಯಲ್ಲಿ ಬೆಳೆಸುವ ದಾರಿ ನಮಗೆ ದೊರೆತದ್ದು ಹಾಗೆ. ನಮ್ಮ ಮಲೆನಾಡಿನ ಮರಗಳು ಬರಿದಾಗುವುದನ್ನು ಕಂಡವಳಾಗಿ ನಾನು ಇದನ್ನು ಬಹಳ ದೊಡ್ಡ ಉಪಕಾರವೆಂದು ತಿಳಿಯುತ್ತೇನೆ.

ತೊಳೆದ ಸಸಿಗಳನ್ನು, ನೆನೆಸಿ ಚೆನ್ನಾಗಿ ಹಿಂಡಿದ ಸ್ಫ್ಯಾಗ್ನಮ್ ಪಾಚಿಯಲ್ಲಿ ಒಟ್ಟಿಗೆ ನೆಟ್ಟು, ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿಡು. ಮೊದಲ ವಾರ ಮುಚ್ಚಳ ಮುಚ್ಚಿರಲಿ. ಎರಡನೆಯ ವಾರದಿಂದ ದಿನಕ್ಕೆ ಸ್ವಲ್ಪ ಹೊತ್ತು ಓರೆ ಮಾಡುತ್ತಾ, ಎಲೆ ಸುಕ್ಕುಗಟ್ಟಿದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾ, ಐದಾರು ವಾರಗಳಲ್ಲಿ ಹೊರಗಿನ ಗಾಳಿಯನ್ನು ರೂಢಿಸಬೇಕು. ಹೊಸ ಬೇರಿನ ಹಸಿರು ತುದಿ ಕಾಣುವವರೆಗೆ ಗೊಬ್ಬರ ಬೇಡ. ಆಮೇಲೂ ಪೊಟ್ಟಣದ ಮೇಲೆ ಬರೆದ ಪ್ರಮಾಣದ ಕಾಲುಭಾಗ ಸಾಕು. ಬೋರ್‌ವೆಲ್ ನೀರಿನ ಬದಲು ಮಳೆನೀರನ್ನು ಹಿಡಿದಿಟ್ಟುಕೊ.

ಹರಾಯೆಲ್ಲಾ ತೈವಾನಿನ ಕಾಡಿನ ಗಿಡ. ಬೆಳೆದು ನಿಂತರೂ ಅಂಗೈಯಲ್ಲಿ ಹಿಡಿಸುತ್ತದೆ. ಹೂವು ಹಳದಿ, ತುಟಿ ಎನ್ನುವ ಕೆಳಗಿನ ಎಸಳಿನ ನಡುವೆ ಕಡುಗೆಂಪು ಮಚ್ಚೆ, ದುಂಬಿ ಕುಳಿತಂತೆಯೇ ಕಾಣುತ್ತದೆ, ಪರಿಮಳವೂ ಉಂಟು. ಹೂ ಬಿಡಲು ಎರಡು ಮೂರು ವರ್ಷ ಬೇಕಾಗಬಹುದು. ಬೇರು ಗಟ್ಟಿಯಾದ ಮೇಲೆ ಕುಂಡಕ್ಕಿಂತ ಮರದ ತೊಗಟೆಯ ತುಂಡಿಗೆ ಕಟ್ಟುವುದೇ ನನ್ನ ಅನುಭವದಲ್ಲಿ ಒಳ್ಳೆಯದು.

ಜೂನ್‌ನಲ್ಲಿ ಬಾಟಲಿ ತೆರೆಯುವ ದಿನ ವಿಡಿಯೊ ಕರೆ ಮಾಡು, ತೊಳೆಯುವಾಗ ನಾನೂ ಜೊತೆಗಿರುತ್ತೇನೆ. ಅಷ್ಟರೊಳಗೆ ಬೂಷ್ಟು ಕಂಡರೆ ಮಾತ್ರ ಕಾಯದೆ ಅದೇ ದಿನ ತಿಳಿಸು.