ಮೋಟಾರು ಗಿರಗಿರ ತಿರುಗುತ್ತೆ, ವೋಲ್ಟೇಜ್ ಮಾತ್ರ ಸೊನ್ನೆ!

ಗಾಳಿಗುದುರೆ: ಗಾಳಿಯಿಂದ ಕರೆಂಟ್ ತೆಗೆಯೋಣ ಅಂತ ಹಳೇ ಮೋಟಾರಿಗೆ ರೆಕ್ಕೆ ಕಟ್ಟಿ ಕಂಬಕ್ಕೇರಿಸಿದೆ. ಚೆನ್ನಾಗೇ ತಿರುಗ್ತಿದೆ, ಮೀಟರ್ 0 ಬಿಟ್ಟು ಏಳಲ್ಲ. ವೈರಿಂಗ್ ಮೂರು ಸಲ ನೋಡಾಯ್ತು. ತಲೆ ಕೆಟ್ಟುಹೋಗಿದೆ.

ಮಸಿಬ್ರಷ್: ಬ್ರಷ್ (ತಿರುಗೋ ಭಾಗಕ್ಕೆ ಕರೆಂಟ್ ಮುಟ್ಟಿಸೋ ಇದ್ದಿಲ ತುಂಡು) ಸವೆದಿದೆ. ಅದು ಒರೆಸಿಕೊಳ್ಳೋ ತಾಮ್ರದ ಉಂಗುರ, ಅಂದ್ರೆ ಕಮ್ಯುಟೇಟರನ್ನ ನಯವಾದ ಸ್ಯಾಂಡ್‌ಪೇಪರಲ್ಲಿ ಉಜ್ಜಿ. ಎಮರಿ ಪೇಪರ್ ಬೇಡ, ಅದರ ಪುಡಿ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತೆ.

ಸುರುಳಿ36: ಯಾವ ಮೋಟಾರು ಅಂತಲೇ ಹೇಳಿಲ್ಲ, ಆಗಲೇ ಬ್ರಷ್ಷು! ನೇಮ್‌ಪ್ಲೇಟಲ್ಲಿ ಏನಿದೆ? ರೆಕ್ಕೆ ವ್ಯಾಸ?

ಗಾಳಿಗುದುರೆ: ಮಾಮೂಲಿ ಮೋಟಾರೇ. 1 ಎಚ್‌ಪಿ, 3 ಫೇಸ್, 415 ವೋಲ್ಟ್, 1440 ಆರ್‌ಪಿಎಂ. ರೆಕ್ಕೆ 1.5 ಮೀಟರ್, ಮೂರು ಎಲೆ. ಮೀಟರ್ ಡಿಸಿಯಲ್ಲಿಟ್ಟಿದ್ದೆ, ಬ್ಯಾಟರಿ 12 ವೋಲ್ಟಿಂದು.

ಮಸಿಬ್ರಷ್: ಒಂದ್ಸಲ ಬಿಚ್ಚಿ ಬ್ರಷ್ ನೋಡೋಕೆ ನಷ್ಟವೇನು?

ಸುರುಳಿ36: ಅದರಲ್ಲಿ ಬ್ರಷ್ಷೇ ಇರಲ್ಲ ಮಾರಾಯ್ರೆ. ಇಂಡಕ್ಷನ್ ಮೋಟಾರು, ರೋಟರಲ್ಲಿ (ತಿರುಗೋ ಭಾಗ) ಮ್ಯಾಗ್ನೆಟ್ಟೂ ಇಲ್ಲ, ಅದಿಲ್ಲದೆ ಸುಮ್ನೆ ತಿರುಗಿಸಿದ್ರೆ ವೋಲ್ಟೇಜ್ ಹುಟ್ಟಲ್ಲ. ಮೀಟರ್ ಎಸಿಗೆ ಹಾಕಿದ್ರೂ ಹೆಚ್ಚೇನೂ ಕಾಣಲ್ಲ.

ಕೆಪಾಸಿಟರ್‌ಪ್ರಿಯ: ಮೂರು ಫೇಸಿಗೂ ಕೆಪಾಸಿಟರ್ ಕೊಡಿ, ವೋಲ್ಟೇಜ್ ತಾನೇ ಏಳುತ್ತೆ. ಏಳದಿದ್ರೆ ಒಂದು ವೈಂಡಿಂಗಿಗೆ 12 ವೋಲ್ಟ್ ಬ್ಯಾಟರಿ ಒಂದು ಕ್ಷಣ ಮುಟ್ಟಿಸಿ.

ಸುರುಳಿ36: ನಿಮಿಷಕ್ಕೆ 1500 ಸುತ್ತು ದಾಟಿಸೋ ಎಂಜಿನ್ ಇದ್ರೆ ಸರಿ. ಈ ರೆಕ್ಕೆ ಸೆಕೆಂಡಿಗೆ 5 ಮೀಟರ್ ಗಾಳೀಲಿ ಸುಮಾರು 380 ಸುತ್ತು. ಅಷ್ಟು ಕಮ್ಮಿ ವೇಗಕ್ಕೆ ಕೆಪಾಸಿಟರ್ 15 ಪಟ್ಟು ಬೇಕು.

ಕೆಪಾಸಿಟರ್‌ಪ್ರಿಯ: ಬೆಲ್ಟ್ ಹಾಕಿ, 1:4.

ಸುರುಳಿ36: ಆ ಗಾಳೀಲಿ ಸಿಗೋದೇ 40 ವ್ಯಾಟ್ ಆಸುಪಾಸು. ಬೆಲ್ಟಿಗೂ ಮೋಟಾರಿನೊಳಗಿನ ನಷ್ಟಕ್ಕೂ ಅದು ಸಾಲಲ್ಲ. ಗಾಳಿಗುದುರೆ ಅವರೇ, ರೋಟರನ್ನ ಲೇತಲ್ಲಿ ಮ್ಯಾಗ್ನೆಟ್ಟಿನ ದಪ್ಪದಷ್ಟು ಇಳಿಸಿ, ನಿಯೋಡೈಮಿಯಂ ಮ್ಯಾಗ್ನೆಟ್ 4 ಪೋಲಾಗಿ ಅಂಟಿಸಿ: ಉತ್ತರ, ದಕ್ಷಿಣ, ಉತ್ತರ, ದಕ್ಷಿಣ. ಎಪಾಕ್ಸಿ ಹಾಕಿ, ಮೇಲೆ ಗ್ಲಾಸ್ ಫೈಬರ್ ಸುತ್ತಿ. ಸಾಲುಗಳನ್ನ ಸ್ಟೇಟರಿನ (ತಿರುಗದ ಹೊರಭಾಗ) ಒಂದು ಸ್ಲಾಟಿನಷ್ಟು (ವೈಂಡಿಂಗ್ ಕೂರೋ ಸಂದು) ಓರೆ ಮಾಡಿ. ನೇರ ಇಟ್ಟರೆ ಶಾಫ್ಟ್ ಕಚ್ಚಿ ಕಚ್ಚಿ ನಿಲ್ಲುತ್ತೆ, ಸಣ್ಣ ಗಾಳಿಗೆ ಏಳೋದೇ ಇಲ್ಲ. ಮಾಮೂಲಿ ಗ್ರೇಡಿನ ಮ್ಯಾಗ್ನೆಟ್ 80 ಡಿಗ್ರಿ ದಾಟಿದ್ರೆ ಶಕ್ತಿ ಕಳ್ಕೊಳುತ್ತೆ.

ಇನ್ನೊಂದು: 415ರ ವೈಂಡಿಂಗಿಗೆ 12 ವೋಲ್ಟ್ ಬ್ಯಾಟರಿ ಕಟ್ಟಿದ್ರೆ ನೂರು ಸುತ್ತು ಆಗೋ ಮೊದಲೇ ಲೋಡ್ ಬಿದ್ದು ರೆಕ್ಕೆ ವೇಗ ಏರದೆ ಸ್ಟಾಲ್ ಆಗುತ್ತೆ. 48 ವೋಲ್ಟಿಗೆ ಹೋಗಿ, ಇಲ್ಲಾ ಕಾಯಿಲ್ ಗುಂಪುಗಳನ್ನ ಪ್ಯಾರಲಲ್ ಮಾಡಿ. ಬ್ಯಾಟರಿ ತುಂಬಿದ ಮೇಲೆ ಹೆಚ್ಚಾದ ಕರೆಂಟ್ ಸುಡೋ ಡಂಪ್ ಲೋಡ್ ಬೇಕೇ ಬೇಕು. ಲೋಡಿಲ್ಲದ ರೆಕ್ಕೆ ಹುಚ್ಚು ವೇಗಕ್ಕೆ ಹೋಗಿ ಎಲೆ ಕಿತ್ತು ಹಾರುತ್ತೆ.

ಎಲೆರಾಜ: ಇಷ್ಟೆಲ್ಲ ಯಾಕೆ? ನಂದು ಆಕ್ಸಿಯಲ್ ಫ್ಲಕ್ಸ್ (ಎರಡು ಮ್ಯಾಗ್ನೆಟ್ ತಟ್ಟೆ ನಡುವೆ ಕಬ್ಬಿಣವಿಲ್ಲದ ಕಾಯಿಲ್ ಇರೋ ಜನರೇಟರ್), 9 ಕಾಯಿಲ್, ತಟ್ಟೆಗೆ 12 ಮ್ಯಾಗ್ನೆಟ್, 2.4 ಮೀಟರ್ ರೆಕ್ಕೆ. ಕಚ್ಚೋ ಮಾತೇ ಇಲ್ಲ.

ಸುರುಳಿ36: ಅವರು ಕೇಳಿದ್ದು ಮೋಟಾರಿನ ಬಗ್ಗೆ.

ಎಲೆರಾಜ: ಅದಕ್ಕೇ ಹೇಳಿದ್ದು, ಮೋಟಾರು ಬಿಡಿ ಅಂತ.

ಗಾಳಿಗುದುರೆ: ಬಿಚ್ಚಿದೆ, 24 ಸ್ಲಾಟ್. ಓರೆ 15 ಡಿಗ್ರಿ ತಾನೆ?

ಸುರುಳಿ36: ಹೌದು, 15.

ಮಸಿಬ್ರಷ್: ಬ್ರಷ್ ಇತ್ತಾ?