ಎಂಎಸ್ಸಿ ಭೌತಶಾಸ್ತ್ರ: ಸೇರಲು ಏನು ಬೇಕು, ಮುಗಿಸಲು ಏನು ಬೇಕು?

ಪ್ರಶ್ನೆ: ಸರ್, ನಾನು ಬಿಎಸ್ಸಿ ಪಿಸಿಎಂ ಕೊನೆಯ ವರ್ಷದಲ್ಲಿದ್ದೇನೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜು. ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡುವ ಆಸೆ ತುಂಬಾ ಇದೆ. ಸೇರಲು ಏನು ಬೇಕು? ಸೇರಿದ ಮೇಲೆ ಡಿಗ್ರಿ ಕೈಗೆ ಬರಲು ಏನೇನು ಮುಗಿಸಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ (ಎಂಎಸ್ಸಿ ತರಗತಿಗೆ ಪಾಠ ಮಾಡುವ ಅಧ್ಯಾಪಕ): ಮೊದಲು ಸೇರುವ ವಿಷಯ. ನಿಮ್ಮ ಮುಂದೆ ಮೂರು ಬಾಗಿಲುಗಳಿವೆ.

ಒಂದು, ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳು. ಮಾನಸಗಂಗೋತ್ರಿ (ಮೈಸೂರು ವಿವಿ), ಜ್ಞಾನಭಾರತಿ (ಬೆಂಗಳೂರು ವಿವಿ), ಧಾರವಾಡ (ಕರ್ನಾಟಕ ವಿವಿ), ಕೊಣಾಜೆ (ಮಂಗಳೂರು ವಿವಿ), ಶಂಕರಘಟ್ಟ (ಕುವೆಂಪು ವಿವಿ), ಹೀಗೆ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಓದಿರಬೇಕು, ಜೊತೆಗೆ ಗಣಿತವೂ ಇರಬೇಕು ಅನ್ನುವುದು ಸಾಮಾನ್ಯ ನಿಯಮ. ನಿಮ್ಮದು ಪಿಸಿಎಂ, ಹಾಗಾಗಿ ತೊಂದರೆ ಇಲ್ಲ. ಕನಿಷ್ಠ ಅಂಕ, ಮೀಸಲಾತಿ ರಿಯಾಯಿತಿ, ಪ್ರವೇಶ ಪರೀಕ್ಷೆ ಇದೆಯೋ ಇಲ್ಲವೋ ಎಂಬುದನ್ನು ಆಯಾ ವಿವಿಯ ಆ ವರ್ಷದ ಅಧಿಸೂಚನೆಯಲ್ಲೇ ನೋಡಿ. ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ, ನಿಯಮ ಬದಲಾಗ್ತಾ ಇರುತ್ತದೆ.

ಎರಡು, ಸಿಯುಇಟಿ ಪಿಜಿ. ಇದು ಕೇಂದ್ರೀಯ ವಿವಿಗಳಿಗೆ ಇರುವ ಸಾಮಾನ್ಯ ಪ್ರವೇಶ ಪರೀಕ್ಷೆ. ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿವಿಯೂ ಇದರಲ್ಲೇ ಬರುತ್ತದೆ.

ಮೂರು, ಜಾಮ್, ಅಂದರೆ ಐಐಟಿಗಳು ನಡೆಸುವ ಎಂಎಸ್ಸಿ ಪ್ರವೇಶ ಪರೀಕ್ಷೆ. ಐಐಟಿಗಳಿಗೆ ಇದೇ ದಾರಿ. ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆಗಳೂ ಜಾಮ್ ಅಂಕದ ಮೇಲೆ ಸೀಟು ಕೊಡುತ್ತವೆ. ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ (ಬಿಎಸ್ಸಿ ಆದ ಮೇಲೆ ನೇರವಾಗಿ ಸೇರುವ ಪಿಎಚ್‌ಡಿ) ಜಾಮ್ ಅಂಕ ನಡೆಯುತ್ತದೆ. 3 ಗಂಟೆ, 60 ಪ್ರಶ್ನೆ, 100 ಅಂಕ. ಅದರಲ್ಲಿ 20 ಪ್ರಶ್ನೆಗಳಿಗೆ ಆಯ್ಕೆಗಳೇ ಇರುವುದಿಲ್ಲ, ಲೆಕ್ಕ ಮಾಡಿ ಸಂಖ್ಯೆಯನ್ನೇ ತುಂಬಬೇಕು. ಪ್ರಶ್ನೆ ಪತ್ರಿಕೆ ಇಂಗ್ಲಿಷಿನಲ್ಲಿ ಮಾತ್ರ.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಜಾಮ್ ನಡೆಯುವುದು ಫೆಬ್ರುವರಿಯಲ್ಲಿ, ಆದರೆ ಅರ್ಜಿ ಹಾಕುವುದು ಹಿಂದಿನ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ. ಅಂದರೆ ಐದನೇ ಸೆಮಿಸ್ಟರ್ ಆಸುಪಾಸಿನಲ್ಲೇ. ಊರ ಕಡೆಯ ಕಾಲೇಜುಗಳ ಎಷ್ಟೋ ಒಳ್ಳೆಯ ಮಕ್ಕಳಿಗೆ ಈ ಪರೀಕ್ಷೆಯ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಬುದ್ಧಿ ಕಡಿಮೆಯಾಗಿ ಸೀಟು ತಪ್ಪಿದ್ದಲ್ಲ, ಹೇಳುವವರಿಲ್ಲದೆ ತಪ್ಪಿದ್ದು. ನನಗೆ ತುಂಬಾ ಬೇಸರ ತರುವ ಸಂಗತಿ ಇದು. ನಿಮ್ಮ ಕಾಲೇಜಿನ ಎರಡನೇ ವರ್ಷದವರಿಗೆ ಇವತ್ತೇ ಹೇಳಿಬಿಡಿ.

ಇನ್ನು ಮುಗಿಸುವ ವಿಷಯ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಕ್ಲಾಸಿಕಲ್ ಮೆಕ್ಯಾನಿಕ್ಸ್, ಗಣಿತ ವಿಧಾನಗಳು, ಕ್ವಾಂಟಮ್ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಾಮಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಲ್ಲ ಕಡೆ ಕಡ್ಡಾಯ. ಘನವಸ್ತು, ನ್ಯೂಕ್ಲಿಯರ್, ಸ್ಪೆಕ್ಟ್ರೋಸ್ಕೋಪಿ ಕೂಡ ಹೆಚ್ಚುಕಡಿಮೆ ಎಲ್ಲೆಡೆ ಇರುತ್ತವೆ. ಎರಡನೇ ವರ್ಷ ಒಂದು ವಿಶೇಷ ವಿಷಯ ಆರಿಸಿಕೊಳ್ಳುತ್ತೀರಿ, ಕೊನೆಯಲ್ಲಿ ಸಾಮಾನ್ಯವಾಗಿ ಪ್ರಾಜೆಕ್ಟ್. ಹಾಜರಾತಿ 75% ಇರಬೇಕು. ಆಂತರಿಕ ಅಂಕ, ಸೆಮಿನಾರ್, ಲ್ಯಾಬ್ ರೆಕಾರ್ಡ್, ವೈವಾ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಅಂಕಪಟ್ಟಿಯಲ್ಲಿ ಕಾಣದ ಒಂದು ಅರ್ಹತೆ ಇದೆ, ಅದು ಗಣಿತ. ಮೊದಲ ಸೆಮಿಸ್ಟರಿನಲ್ಲಿ ಎಡವುವವರು ಹೆಚ್ಚಿನ ಮಟ್ಟಿಗೆ ಎಡವುವುದು ಅಲ್ಲೇ. ಒಂದು ಉದಾಹರಣೆ ಕೊಡ್ತೀನಿ. ಹೈಡ್ರೋಜನ್ ಪರಮಾಣುವಿನ ಕೆಳಗಿನ ಮಟ್ಟದ ಶಕ್ತಿ −13.6 ಎಲೆಕ್ಟ್ರಾನ್ ವೋಲ್ಟ್ ಅಂತ ಪಿಯುಸಿಯಿಂದಲೇ ನಿಮಗೆ ಗೊತ್ತು. ಬೋರ್ ಮಾದರಿಯಲ್ಲಿ ನಾಲ್ಕು ಸಾಲಿನಲ್ಲಿ ಬಂದುಬಿಡುತ್ತದೆ. ಎಂಎಸ್ಸಿಯಲ್ಲಿ ಅದೇ ಸಂಖ್ಯೆಗೆ ಶ್ರೋಡಿಂಗರ್ ಸಮೀಕರಣದಿಂದ ಬರಬೇಕು. ಗೋಲೀಯ ನಿರ್ದೇಶಾಂಕದಲ್ಲಿ ಬರೆದು, ಚರಾಕ್ಷರಗಳನ್ನು ಬೇರ್ಪಡಿಸಿ, ಕೋನದ ಭಾಗಕ್ಕೆ ಲೆಜಾಂಡ್ರ್, ತ್ರಿಜ್ಯದ ಭಾಗಕ್ಕೆ ಲಾಗೇರ್ ಬಹುಪದಗಳನ್ನು ತಂದು ಪುಟಗಟ್ಟಲೆ ಬಿಡಿಸಬೇಕು. ಉತ್ತರ ಹಳೆಯದೇ. ಆದರೆ ಈ ದಾರಿಯಲ್ಲಿ ಕೋನೀಯ ಸಂವೇಗದ ಕ್ವಾಂಟಮ್ ಸಂಖ್ಯೆಗಳು ತಾವಾಗೇ ಹುಟ್ಟುತ್ತವೆ. ಬೋರ್ ಮಾದರಿ ಅದನ್ನು ಕೊಡುವುದಿಲ್ಲ. ಅದನ್ನು ಮೊದಲ ಸಲ ಪೂರ್ತಿ ಬಿಡಿಸಿದಾಗ ಆಗುವ ಖುಷಿಗಾಗಿಯೇ ಈ ವಿಷಯ ಓದಬೇಕು ಅನಿಸುತ್ತದೆ ನನಗೆ.

ಹಾಗಾಗಿ ರಜೆಯಲ್ಲಿ ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ. ಎರಡು ಬೈ ಎರಡು ಮ್ಯಾಟ್ರಿಕ್ಸ್‌ನ ಐಗನ್ ಮೌಲ್ಯ ಪುಸ್ತಕ ನೋಡದೆ ತೆಗೆಯಲು ಬರುತ್ತದಾ? ಚೌಕ ಅಲೆಯ ಫೂರಿಯೇ ಸರಣಿ? ಲಾಪ್ಲಾಸ್ ಸಮೀಕರಣವನ್ನು ಒಂದು ಪೆಟ್ಟಿಗೆಯೊಳಗೆ ಬಿಡಿಸುವುದು? ಬಾರದಿದ್ದರೆ ಹೆದರಬೇಡಿ, ದಿನಕ್ಕೆ ಒಂದು ಗಂಟೆ ಕೂತು ಕೈಯಾರೆ ಲೆಕ್ಕ ಮಾಡಿ. ಸುಮ್ನೆ ವಿಡಿಯೋ ನೋಡಿದರೆ ಬರುವುದಿಲ್ಲ.

ಪ್ರಶ್ನೆ: ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗಲೂ ಇಂಗ್ಲಿಷಿನಲ್ಲಿ ಉತ್ತರ ಬರೆಯುವಾಗ ತಡವರಿಸುತ್ತೇನೆ. ಎಂಎಸ್ಸಿ ಆಗುತ್ತದಾ?

ಉತ್ತರ: ಖಂಡಿತ ಆಗುತ್ತದೆ. ಭೌತಶಾಸ್ತ್ರದ ಉತ್ತರದಲ್ಲಿ ಹೆಚ್ಚು ಕೆಲಸ ಸಮೀಕರಣದ್ದೇ. ಒಂದು ಸಮೀಕರಣದಿಂದ ಇನ್ನೊಂದಕ್ಕೆ ಹೋಗುವಾಗ ಯಾಕೆ ಹೋದಿರಿ ಅನ್ನುವುದಕ್ಕೆ ಒಂದು ಚಿಕ್ಕ ವಾಕ್ಯ ಸಾಕು. ಅಂಥ ವಾಕ್ಯಗಳು ಮತ್ತೆ ಮತ್ತೆ ಅವೇ ಬರುತ್ತವೆ, ಬರೆದು ಬರೆದು ರೂಢಿಯಾಗುತ್ತದೆ. ಕಷ್ಟ ಇರುವುದು ಸೆಮಿನಾರ್ ಮತ್ತು ವೈವಾದಲ್ಲಿ. ಅದಕ್ಕೆ ಗೆಳೆಯರ ಮುಂದೆ ಬೋರ್ಡ್ ಹತ್ತಿರ ನಿಂತು ವಾರಕ್ಕೊಂದು ವಿಷಯ ವಿವರಿಸಿ. ಮೊದಲು ಕನ್ನಡದಲ್ಲಿ ವಿವರಿಸಿ. ಕನ್ನಡದಲ್ಲಿ ಸರಿಯಾಗಿ ಹೇಳಲು ಬಂದರೆ ವಿಷಯ ಅರ್ಥವಾಗಿದೆ ಅಂತಲೇ ಅರ್ಥ, ಇಂಗ್ಲಿಷ್ ಆಮೇಲೆ ಬರುತ್ತದೆ.

ಪ್ರಶ್ನೆ: ಪಾಸಾದರೆ ಸಾಕಲ್ವಾ ಸರ್? ನನಗೆ ಪಿಯು ಉಪನ್ಯಾಸಕಿ ಆಗಬೇಕು ಅಷ್ಟೇ.

ಉತ್ತರ: ಸಾಕಾಗಲ್ಲ ಅಮ್ಮ. ಪಿಯು ಉಪನ್ಯಾಸಕರ ಹುದ್ದೆಗೆ ಸ್ನಾತಕೋತ್ತರದಲ್ಲಿ 55% ಮತ್ತು ಬಿಎಡ್ ಕೇಳುತ್ತಾರೆ. ಡಿಗ್ರಿ ಕಾಲೇಜಿನ ಅಧ್ಯಾಪಕರಾಗಲು ಬರೆಯುವ ಅರ್ಹತಾ ಪರೀಕ್ಷೆಗಳಾದ ನೆಟ್ ಮತ್ತು ಕೆಸೆಟ್‌ಗೂ ಸಾಮಾನ್ಯ ವರ್ಗಕ್ಕೆ 55%. ಮೀಸಲಾತಿ ವರ್ಗದವರಿಗೆ ರಿಯಾಯಿತಿ ಇದೆ. ಹೇಗೋ ಪಾಸಾಗಿ 53ಕ್ಕೋ 54ಕ್ಕೋ ನಿಂತವರ ಪಾಡು ನೋಡಲಾಗುವುದಿಲ್ಲ. ಡಿಗ್ರಿ ಇದೆ, ಅರ್ಜಿ ಹಾಕಲು ಬರುವುದಿಲ್ಲ. ಮೊದಲ ಎರಡು ಸೆಮಿಸ್ಟರಿನಲ್ಲೇ 60ರ ಮೇಲೆ ಇಟ್ಟುಕೊಳ್ಳಿ. ಲ್ಯಾಬ್ ಅಂಕ ಇದಕ್ಕೆ ತುಂಬಾ ಸಹಾಯ ಮಾಡುತ್ತದೆ. ಹಾಲ್ ಎಫೆಕ್ಟ್, ಮೈಕೆಲ್ಸನ್ ಇಂಟರ್‌ಫೆರೋಮೀಟರ್, ಜಿಎಂ ಕೌಂಟರ್ ಇವೆಲ್ಲ ಪಕ್ಕದವರ ರೀಡಿಂಗ್ ಕಾಪಿ ಮಾಡುವ ಪ್ರಯೋಗಗಳಲ್ಲ. ನಿಮ್ಮದೇ ರೀಡಿಂಗ್ ತೆಗೆಯಿರಿ, ದೋಷ ಎಷ್ಟು ಅಂತ ಲೆಕ್ಕ ಹಾಕಿ. ನಾಳೆ ಪಿಯು ಮಕ್ಕಳಿಗೆ ಲ್ಯಾಬ್ ಮಾಡಿಸುವವರು ನೀವೇ ತಾನೇ?

ಪ್ರಶ್ನೆ: ನಾನು ಖಾಸಗಿ ಶಾಲೆಯಲ್ಲಿ ಶಿಕ್ಷಕ. ಕೆಲಸ ಬಿಡಲು ಆಗುವುದಿಲ್ಲ. ದೂರ ಶಿಕ್ಷಣದಲ್ಲಿ ಮಾಡಬಹುದಾ?

ಉತ್ತರ: ಮಾಡಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿ ಮತ್ತು ಇಗ್ನೋ ಎರಡರಲ್ಲೂ ಎಂಎಸ್ಸಿ ಭೌತಶಾಸ್ತ್ರ ಇದೆ. ಸೇರುವ ಮುಂಚೆ ಆ ವರ್ಷಕ್ಕೆ ಆ ಕೋರ್ಸಿಗೆ ಯುಜಿಸಿಯ ದೂರ ಶಿಕ್ಷಣ ಬ್ಯೂರೋದ ಮಾನ್ಯತೆ ಇದೆಯಾ ಅಂತ ಯುಜಿಸಿ ಪಟ್ಟಿಯಲ್ಲೇ ನೋಡಿಕೊಳ್ಳಿ, ಏಜೆಂಟರ ಮಾತಿನ ಮೇಲೆ ದುಡ್ಡು ಕಟ್ಟಬೇಡಿ. ಪ್ರಾಕ್ಟಿಕಲ್ ಇದ್ದೇ ಇರುತ್ತದೆ, ಅದಕ್ಕೆ ಲ್ಯಾಬಿಗೆ ಹೋಗಲೇಬೇಕು. ಆ ದಿನಗಳು ಯಾವಾಗ ಬೀಳುತ್ತವೆ ಅಂತ ಅಧ್ಯಯನ ಕೇಂದ್ರದಲ್ಲಿ ವಿಚಾರಿಸಿ, ಶಾಲೆಯಲ್ಲಿ ರಜೆ ಸಿಗುತ್ತದಾ ಅಂತ ಮುಖ್ಯ ಶಿಕ್ಷಕರ ಹತ್ತಿರ ಮಾತಾಡಿ. ಆಮೇಲೆ ಶುಲ್ಕ ಕಟ್ಟಿ.